ಕರಡಿಗೆ ತೋರಿಸಿದ ರಿವಾಲ್ವರ್

ನಮ್ಮೂರಿನಿಂದ ಗುಡ್ಡ ದಾಟಿ ಆಚೆ ಊರಿಗೆ ಹೋಗಬೇಕೆನ್ನುವವರು ಮೊದಲು ಒಂದು ರಿವಾಲ್ವರ್ ಕೊಳ್ಳಬೇಕು, ಕೊಂಡದ್ದನ್ನು ಕರಡಿಗೆ ತೋರಿಸಬೇಕು. ಹಳ್ಳದ ದಂಡೆಯಲ್ಲಿ ಒಂದು ಹಾಸುಗಲ್ಲಿದೆ. ಬೆಳಗಿನ ಹೊತ್ತು ಅದರ ಮೇಲೆ ನಿಂತು, ರಿವಾಲ್ವರನ್ನು ಎರಡೂ ಕೈಯಲ್ಲಿ ಹಿಡಿದು ಕಾದರೆ ಯಾವುದೋ ಒಂದು ಕರಡಿ ಗುಡ್ಡ ಇಳಿದು ಬರುತ್ತದೆ. ಇಸಿದುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತದೆ, ಮೂಸುತ್ತದೆ, ಅಂಗೈಯಲ್ಲಿಟ್ಟು ತೂಗುತ್ತದೆ. ಒಪ್ಪಿದರೆ ವಾಪಸು ಕೊಡುತ್ತದೆ. ಅಂದಿನಿಂದ ಗುಡ್ಡದ ಅಷ್ಟೂ ಕರಡಿಗಳು ನಿಮ್ಮನ್ನು ಕಂಡರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಒಪ್ಪದಿದ್ದರೆ ಹಳ್ಳದ ಮಡುವಿಗೆ ಎಸೆದು ಹೊರಟುಹೋಗುತ್ತದೆ. ತೋರಿಸದೆಯೇ ಗುಡ್ಡ ಹತ್ತಿದವರ ಕಥೆ ಬೇಡ ಬಿಡಿ, ಅದು ಊಟಕ್ಕೆ ಕೂತವರ ಮುಂದೆ ಹೇಳುವಂಥದ್ದಲ್ಲ.

ಊರು ಇದಕ್ಕೆಲ್ಲ ಚೆನ್ನಾಗಿ ಒಗ್ಗಿಕೊಂಡಿದೆ. ಹಿಟ್ಟಿನ ಗಿರಣಿಯ ಪಕ್ಕದಲ್ಲೇ ಬಂದಗೀಸಾಬನ ರಿವಾಲ್ವರ್ ಅಂಗಡಿ. ಮಡುವಿಗೆ ಬಿದ್ದದ್ದನ್ನು ಅವನು ಬಲೆ ಹಾಕಿ ಎತ್ತಿಸಿ, ಒಣಗಿಸಿ, ಎಣ್ಣೆ ಹಚ್ಚಿ, "ಕರಡಿ ಒಲ್ಲೆಂದ ಮಾಲು" ಎಂದು ಬೇರೆ ಕಪಾಟಿನಲ್ಲಿ ಇಡುತ್ತಾನೆ. ಒಬ್ಬರ ಕೈಯಲ್ಲಿ ಒಲ್ಲೆಂದದ್ದು ಇನ್ನೊಬ್ಬರ ಕೈಯಲ್ಲಿ ಒಪ್ಪಿಗೆಯಾಗುವುದು ಉಂಟು. ಫೋಟೊ ಸ್ಟುಡಿಯೊದವನು ಬೆಳಗಾದರೆ ಹಾಸುಗಲ್ಲಿನ ಹತ್ತಿರ ಕ್ಯಾಮರಾ ಹಿಡಿದು ಹಾಜರು. ಹೆಣ್ಣು ಕೊಡುವವರು ಹುಡುಗನ ಕೆಲಸ ಏನೆಂದು ಕೇಳುವ ಮೊದಲು ಕರಡಿ ಒಪ್ಪಿದೆಯೋ ಇಲ್ಲವೋ ಎಂದು ಕೇಳುತ್ತಾರೆ. ಹೀಗಾಗಿ ಬೆಳಗಿನ ಹೊತ್ತು ಹಳ್ಳದ ಈಚೆ ದಂಡೆಯಲ್ಲಿ ಜನ ಇದ್ದೇ ಇರುತ್ತಾರೆ, ಬೇರೆಯವರ ಮಾನ ಹೋಗುವುದನ್ನು ನೋಡಲು ಯಾರಿಗೆ ತಾನೇ ಬೇಸರ?

ನನಗಂತೂ ಐವತ್ತು ದಾಟುವವರೆಗೆ ಈ ಉಸಾಬರಿ ಬೇಕಾಗಿರಲಿಲ್ಲ. ಸಂತೆ ಬಯಲಿನ ಪಕ್ಕದಲ್ಲಿ ನಮ್ಮದೊಂದು ಜೋಳದ ರೊಟ್ಟಿಯ ಖಾನಾವಳಿ. "ನೀಲಗಂಗವ್ವನ ಖಾನಾವಳಿ" ಎಂದು ನನ್ನ ಹೆಸರೇ ಓಡಾಡುತ್ತದೆ, ಬೋರ್ಡಿನ ಮೇಲೆ ಮಾತ್ರ ನಮ್ಮ ಯಜಮಾನರು ಈರಬಸಪ್ಪನವರ ಹೆಸರು. ಗುಡ್ಡದಾಚೆಯ ಕೆಲಸಗಳೆಲ್ಲ ಅವರದೇ. ಅವರ ರಿವಾಲ್ವರನ್ನು ಕರಡಿ ಅವರಿಗೆ ಮೀಸೆ ಚಿಗುರುವ ಕಾಲದಲ್ಲೇ ಒಪ್ಪಿದೆ. ಮದುವೆಯಾದ ಮೇಲೆ ಆ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಆ ಕರಡಿಯ ಮುಖ ನನಗೇ ಹೆಚ್ಚು ಪರಿಚಯ.

ನಮ್ಮ ಒಬ್ಬಳೇ ಮಗಳು ದಾನೇಶ್ವರಿಯನ್ನು ಆಚೆ ಊರಿಗೆ ಕೊಟ್ಟಿದ್ದೇವೆ, ಅವಳ ರಿವಾಲ್ವರನ್ನು ಮದುವೆಗೆ ಮೊದಲೇ ಕರಡಿ ಒಪ್ಪಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವುದೆಂದು ಮಾತಾಗಿತ್ತು. ಆದರೆ ಅವಳ ಕಾಲು ಬಾತುಕೊಂಡು, ಗುಡ್ಡ ಹತ್ತುವುದು ಬೇಡವೇ ಬೇಡ ಎಂದು ಅಲ್ಲಿಯ ನರ್ಸಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಳಂತೆ. ಸುದ್ದಿ ತಂದವನು ಆಚೆ ಊರಿನ ಕಂಬಾರ ಮೌನೇಶ. ಕೆಲಸಕ್ಕೆಂದು ಈಚೆ ಬಂದಾಗಲೆಲ್ಲ ನಮ್ಮಲ್ಲೇ ಅವನ ಊಟ. ರೊಟ್ಟಿ ಮುರಿಯುತ್ತ ಹೇಳಿದ, "ನಿಮ್ಮ ಮಗಳು ಒಂದ ಮಾತ ಹೇಳ್ಯಾಳ್ರಿ ಅಕ್ಕಾರ. ಅವ್ವ ಬಂದು ತಲಿ ಕಡೆ ಕುಂತ್ರ ಹಡೀತೀನಿ, ಇಲ್ಲಂದ್ರ ಹಡಿಯೂದೇ ಇಲ್ಲ ಅಂತ."

ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುವ ನೆಪದಲ್ಲಿ ಚೆನ್ನಾಗಿ ಅತ್ತೆ. ದಾನಿಯನ್ನು ಹೆತ್ತಾಗ ನನಗೆ ಅವ್ವ ಇರಲಿಲ್ಲ. ಆ ಹೊತ್ತಿನಲ್ಲಿ ಎಷ್ಟು ಜನ ಸುತ್ತ ನೆರೆದಿದ್ದರೂ ಕಣ್ಣು ಬಾಗಿಲ ಕಡೆಗೇ ಹೋಗುತ್ತದೆ. ಅದು ನನ್ನ ಮಗಳಿಗೆ ಬೇಡ ಎನ್ನಿಸಿತು. ಈರುಳ್ಳಿ ಅಲ್ಲೇ ಬಿಟ್ಟು ಹೊರಗೆ ಬಂದು, "ನಾ ಹೋಗಾಕಿ," ಎಂದೆ.

ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದೇ ನಿಂತರು. "ಎಲ್ಲಿಗೆ?"

"ಗುಡ್ಡದ ಆಚೆ."

"ನಾ ಹೋಗಿ ಬರ್ತೀನಿ ತಗೋ. ನನಗ ಕರಡಿ ಗುರ್ತ ಹಿಡಿತಾವು."

"ನೀವು ಹೋಗಿ ಏನ ಮಾಡವ್ರು? ಬಾಗಲಾ ಕಾಯ್ತೀರೇನು?" ಎಂದೆ. ಅದಕ್ಕೆ ಅವರು ತಮ್ಮ ರಿವಾಲ್ವರನ್ನೇ ಕೊಡುತ್ತೇನೆಂದರು. ಒಬ್ಬರ ಕೈಯಲ್ಲಿ ಒಪ್ಪಿದ್ದು ಇನ್ನೊಬ್ಬರ ಕೈಯಲ್ಲಿ ನಡೆಯುವುದಿಲ್ಲ ಎನ್ನುವುದು ಅವರಿಗೂ ಗೊತ್ತು, ಪ್ರೀತಿಗೆ ಒಂದು ಮಾತು.

ನಾನು ರಿವಾಲ್ವರ್ ಕೊಳ್ಳುತ್ತೇನೆಂಬ ಸುದ್ದಿ ಸಾರು ಕುದಿಯುವುದರೊಳಗೆ ಊರೆಲ್ಲ ಹಬ್ಬಿತು. ಬಂದಗೀಸಾಬನ ಅಂಗಡಿಗೆ ಹೋದರೆ ನನಗಿಂತ ಮೊದಲೇ ಸಲಹೆಗಾರರು ಬಂದು ಕೂತಿದ್ದಾರೆ. ಅವರಲ್ಲಿ ಮುಂದಾಳು ಹಂಪನಗೌಡ ಮಾಸ್ತರು. ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದವರು, ಈಗ ನಿವೃತ್ತರು. ನಮ್ಮ ಖಾನಾವಳಿಯಲ್ಲೇ ಉಣ್ಣುವುದರಿಂದ ನಮ್ಮ ಎಲ್ಲ ವಿಷಯದಲ್ಲೂ ತಮಗೆ ಹಕ್ಕಿದೆ ಎಂದು ನಂಬಿದವರು.

"ಬೋರು ಅಂದ್ರ ನಳಿಗಿ ತೂತು ದೊಡ್ಡದಿರಬೇಕು, ಅದು ಮೊದಲನೇ ಮಾತು," ಎಂದರು ಮಾಸ್ತರು. "ಸಣ್ಣ ಬೋರಿನ ಗುಂಡು ಕರಡಿ ಕೂದಲದಾಗ ಹೇನ ಹುಡುಕ್ಕೋತ ಕುಂದರ್ತೈತಿ. ಮತ್ತ ನಳಿಗಿ ಉದ್ದ ಇರಬೇಕು. ನೋಡಿದ ಕೂಡ್ಲೆ ಕರಡಿ ಎದಿ ಝಲ್ ಅನ್ನಬೇಕು."

ಬಂದಗೀಸಾಬ ಕಪಾಟಿನಿಂದ ಒಂದನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟ. ಮೇಜು ನರಳಿತು. ನಮ್ಮ ಒನಕೆಗೆ ಹಿಡಿಕೆ ಹಚ್ಚಿದರೆ ಹಾಗೆ ಕಾಣಬಹುದು. "ಇದರಕಿಂತಾ ದೊಡ್ಡದು ಈ ಊರಾಗ ಇಲ್ಲ ಅಕ್ಕಾರ," ಎಂದ. ಆದರೆ ಅವನ ಮುಖದಲ್ಲಿ ಮಾರುವವನ ಉಮೇದು ಇರಲಿಲ್ಲ. "ಒಂದ ಸಲ ಎತ್ತಿ ನೋಡ್ರಿ. ಎತ್ತಿ, ಹಂಗ ಹಿಡಕೊಂಡು ನಿಂದರ್ರಿ."

ಎತ್ತಿದೆ. ಐವತ್ತು ಜನರ ರೊಟ್ಟಿ ಬಡಿಯುವ ಕೈ ನನ್ನದು, ಎತ್ತದೆ ಏನು? ಆದರೆ ಹಿಡಿದು ನಿಲ್ಲುವುದು ಬೇರೆ ಮಾತು. ತುದಿ ಮೆಲ್ಲಗೆ ನೆಲದ ಕಡೆಗೆ ವಾಲತೊಡಗಿತು. ಆಚೆ ಊರಿನಲ್ಲಿ ನಮ್ಮ ಬೀಗಿತ್ತಿ ಬಸಲಿಂಗವ್ವ ಇದ್ದಾಳೆ, ಅವಳ ರಿವಾಲ್ವರ್ ಊರಿಗೇ ಹೆಸರಾದದ್ದು. ಸಣ್ಣದೊಂದನ್ನು ಸಿಕ್ಕಿಸಿಕೊಂಡು ಅವಳ ಅಂಗಳದಲ್ಲಿ ಹೋಗಿ ನಿಲ್ಲುವುದು ನನ್ನಿಂದಾಗದು. "ಇದ ಇರಲಿ," ಎಂದುಬಿಟ್ಟೆ. ಮಾಸ್ತರು ತಾವೇ ಕೊಂಡಷ್ಟು ಹಿಗ್ಗಿದರು.

ಊರಾಚೆಯ ಕಲ್ಲುಕ್ವಾರಿಯಲ್ಲಿ ಹುಳುಕು ಕುಂಬಳಕಾಯಿಗಳನ್ನಿಟ್ಟು ಹೊಡೆದು ಕಲಿಯುವುದು ರೂಢಿ. ಬಂದಗೀಸಾಬನೇ ಬಂದು ತೋರಿಸಿಕೊಟ್ಟ, ಎರಡೂ ಹೆಬ್ಬೆರಳು ಎಲ್ಲಿರಬೇಕು, ಕಾಲು ಎಷ್ಟು ಅಗಲಿಸಬೇಕು, ಮೊಣಕೈ ಹೇಗೆ ಸಡಿಲ ಬಿಡಬೇಕು ಎಂದು. ಮೊದಲನೇ ಗುಂಡಿಗೆ ರಿವಾಲ್ವರ್ ನನ್ನ ಹಣೆಯ ಮೇಲಿನ ಕುಂಕುಮದವರೆಗೂ ಬಂದು ಹೋಯಿತು. ಕುಂಬಳಕಾಯಿ ಇದ್ದಲ್ಲೇ ಇತ್ತು. ಅದರ ಹಿಂದೆ ಬಹಳ ದೂರದಲ್ಲಿದ್ದ ಒಂದು ಜಾಲಿಯ ಟೊಂಗೆ ಮಾತ್ರ ಮುರಿದು ಬಿತ್ತು. "ಅದನ್ನ ಹೊಡಿಬೇಕಂತ ಮಾಡಿದ್ರೇನು?" ಎಂದು ಬಂದಗೀಸಾಬ ಮರ್ಯಾದೆಯಿಂದ ಕೇಳಿದ. ಹೌದು ಎಂದೆ.

ತೋರಿಸುವ ದಿನ ಅರ್ಧ ಊರು ಹಳ್ಳದ ದಂಡೆಯಲ್ಲಿತ್ತು. ಖಾನಾವಳಿಗೆ ಅಂದು ರಜೆ. ಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ನಾನು ಇಳಕಲ್ ಸೀರೆ ಉಟ್ಟು, ಹಾಸುಗಲ್ಲಿನ ಮೇಲೆ ನಿಂತು, ಬಾಗಿನ ಕೊಡುವವರ ಹಾಗೆ ರಿವಾಲ್ವರನ್ನು ಚಾಚಿದೆ. ಕರಡಿ ಬಂತು. ಜೂಲು ಜೂಲು ಕಪ್ಪು ಕೂದಲು, ಎದೆಯ ಮೇಲೆ ಬಿಳಿಯ ಗೆರೆ, ಒಬ್ಬ ಆಳಿನಷ್ಟು ಎತ್ತರಕ್ಕೆ ಎದ್ದು ನಿಂತು ರಿವಾಲ್ವರ್ ಇಸಿದುಕೊಂಡಿತು. ತೂಗಿತು. ಆಮೇಲೆ ಹೊತ್ತ ಭಾರಕ್ಕೆ ಇನ್ನೂ ನಡುಗುತ್ತಿದ್ದ ನನ್ನ ತೋಳುಗಳನ್ನೇ ನೋಡಿತು. ನೋಡಿ, ಒಂದು ಉದ್ದನೆಯ ಉಸಿರು ಬಿಟ್ಟು, ಮಡುವಿಗೆ ಎಸೆಯಿತು. ಬಿದ್ದ ಸಪ್ಪಳಕ್ಕೆ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

ನಾನು ಮುಖ ಹುಳ್ಳಗೆ ಮಾಡಿಕೊಂಡು ಮನೆಗೆ ಬಂದೆ. ಸಲಹೆಗಾರರು ಹಿಂದೆಯೇ ಬಂದರು. ಎಣ್ಣೆ ವಾಸನೆ ಹೆಚ್ಚಾಯಿತು ಎಂದರು, ಸೀರೆಯ ಬಣ್ಣ ಕಣ್ಣಿಗೆ ಹೊಡೆಯಿತು ಎಂದರು. ಈ ಸಲ ಯಜಮಾನರು ಬಾಯಿ ಹಾಕಿದರು. "ದೊಡ್ಡದು ಹೆಂಗಸರಿಗೆ ಆಗೂದಲ್ಲ. ಬೋರು ದೊಡ್ಡದ ಇರಲಿ, ಮೈ ಗಿಡ್ಡ ಇರಲಿ. ಸೊಂಟದಾಗ ಸಿಗಿಸಿದ್ರ ಬಾಳಿಹಣ್ಣಿನಂಗ ಇರಬೇಕು." ಹಾಗೆ ಒಂದು ಬಂತು. ಅಂಗೈಯಗಲದ್ದು, ಮೋಟು ನಳಿಗೆಯದು, ಹೊರಲು ಹೂವಿನಷ್ಟು ಹಗುರ. ಕ್ವಾರಿಯಲ್ಲಿ ಒಂದೇ ಒಂದು ಗುಂಡು ಹಾರಿಸಿದೆ. ಅಯ್ಯೋ ಶಿವನೇ! ಕತ್ತೆ ಒದ್ದರೂ ಅಷ್ಟು ನೋವಾಗುವುದಿಲ್ಲ. ಮೈ ಹಗುರ, ಗುಂಡು ದೊಡ್ಡದು, ಒದೆತವೆಲ್ಲ ಮುಂಗೈಗೆ. ಎರಡನೆಯದನ್ನು ಹಾರಿಸಲು ಧೈರ್ಯ ಬರಲಿಲ್ಲ. ತೋರಿಸಿದರೆ ಸಾಕಲ್ಲ, ಹಾರಿಸುವವರು ಯಾರು ಎಂದು ನನಗೆ ನಾನೇ ಹೇಳಿಕೊಂಡು ಮತ್ತೆ ಹಾಸುಗಲ್ಲಿಗೆ ಹೋದೆ. ಕರಡಿ ಅದನ್ನು ಮೂಸಿತು, ನನ್ನ ಬಾತ ಮುಂಗೈಯನ್ನೂ ಮೂಸಿತು. ಮೊದಲಿನದಕ್ಕಿಂತ ದೂರ ಎಸೆಯಿತು.

ಆ ದಿನ ಮಧ್ಯಾಹ್ನ ಮೌನೇಶ ಮತ್ತೆ ಬಂದ. ತಾಟಿನ ಮುಂದೆ ಕೂತರೂ ರೊಟ್ಟಿ ಮುಟ್ಟಲಿಲ್ಲ. "ಅಕ್ಕಾರ, ನರ್ಸಮ್ಮ ಇವತ್ತೋ ನಾಳಿಗೋ ಅನ್ನಾಕತ್ತಾಳ್ರಿ. ದಾನಕ್ಕ ಮಾತಾಡೂದ ಕಮ್ಮಿ ಮಾಡ್ಯಾಳ." ನಮ್ಮ ದಾನಿ ಹುಟ್ಟಿದಾಗಿನಿಂದ ಬಾಯಿ ಮುಚ್ಚಿದವಳಲ್ಲ.

ಮಾಸ್ತರು ಮೂರನೆಯ ಸಲಹೆಗೆ ಗಂಟಲು ಸರಿಮಾಡಿಕೊಂಡರು. "ಸುಮ್ಮನ ಉಣ್ರಿ ಮಾಸ್ತರ್ರ," ಎಂದೆ. ಅಷ್ಟು ವರ್ಷದಲ್ಲಿ ಅವರಿಗೆ ಹಾಗೆ ಅಂದವಳಲ್ಲ. ಸೀದಾ ಬಂದಗೀಸಾಬನ ಅಂಗಡಿಗೆ ನಡೆದೆ.

"ಸಾಬಣ್ಣ, ನೀ ಒಂದ ಸಲನೂ ಹೇಳಲಿಲ್ಲ. ನಿನ್ನ ಮನಸ್ಸಿನಾಗ ಯಾವುದೈತಿ?"

"ನನ್ನ ಮನಸ್ಸಿನ್ಯಾಗಿಂದು ತಗೊಂಡು ಏನ್ ಮಾಡ್ತೀರಿ?" ಎಂದು ಅವನು ತಲೆ ಕೆರೆದುಕೊಂಡ. "ಹೊರಾಕಿ ನೀವು. ಒಂದಿಷ್ಟು ಒಯ್ರಿ, ಗುಂಡ ಹಾಕಬ್ಯಾಡ್ರಿ, ಮೈಮ್ಯಾಲ ಇಟಗೊಂಡು ಮನಿ ಕೆಲಸ ಮಾಡ್ರಿ. ಒಲ್ಲದ್ದು ತಾನ ಗೊತ್ತಾಗ್ತೈತಿ."

ಅವನು ಕೊಟ್ಟಷ್ಟನ್ನೂ ಬುಟ್ಟಿಯಲ್ಲಿ ಹೊತ್ತು ತಂದೆ. ಅಂದು ನಮ್ಮ ಖಾನಾವಳಿಯಲ್ಲಿ ಉಂಡವರು ಇನ್ನೂ ಅದನ್ನು ಹೇಳಿಕೊಂಡು ನಗುತ್ತಾರೆ. ಒಂದನ್ನು ಸೊಂಟಕ್ಕೆ ಕಟ್ಟಿಕೊಂಡು ಹಿಟ್ಟು ನಾದಲು ಕೂತರೆ ನಳಿಗೆ ತೊಡೆಗೆ ಚುಚ್ಚಿತು, ಪಕ್ಕಕ್ಕಿಟ್ಟೆ. ಇನ್ನೊಂದರ ಹಿಂದಿನ ಕೊಕ್ಕೆಗೆ ಸೆರಗು ಸಿಕ್ಕಿಕೊಂಡು ಸಾರಿನ ಸೌಟು ಕೈಜಾರಿತು, ಪಕ್ಕಕ್ಕಿಟ್ಟೆ. ಮತ್ತೊಂದರ ಹಿಡಿಕೆ ದಪ್ಪ, ಬೆರಳು ಸುತ್ತಿ ಬರಲಿಲ್ಲ. ಆಮೇಲೆ ನಳಿಗೆ ಉದ್ದವೂ ಅಲ್ಲದ, ಮೋಟೂ ಅಲ್ಲದ ಒಂದನ್ನು ಚರ್ಮದ ಪಟ್ಟಿಯಲ್ಲಿ ಹಾಕಿ, ಕೂಸನ್ನು ಜೋಳಿಗೆಯಲ್ಲಿ ಕಟ್ಟಿಕೊಂಡ ಹಾಗೆ ಎದೆಯ ಮೇಲೆ ಓರೆಯಾಗಿ ಕಟ್ಟಿಕೊಂಡೆ. ಬೋರು ದೊಡ್ಡದೇ, ಆದರೆ ಮೈ ಹದವಾಗಿತ್ತು, ಮರದ ಹಿಡಿಕೆ ಸವೆದು ನುಣುಪಾಗಿತ್ತು. ಬಗ್ಗಿದೆ, ಎದ್ದೆ, ನೀರು ಸೇದಿದೆ, ರೊಟ್ಟಿ ಬಡಿದೆ, ಬಡಿಸಿದೆ. ಸಂಜೆಯ ಹೊತ್ತಿಗೆ ಬುಟ್ಟಿಯಲ್ಲಿ ಒಂದು ಕಡಿಮೆ ಇದೆಯೆಂದು ಗಾಬರಿಯಾಗಿ ಒಲೆಯ ಹಿಂದೆಲ್ಲ ಹುಡುಕಾಡಿದೆ. "ಎದಿಮ್ಯಾಲ ಐತಲ್ಲ!" ಎಂದು ಯಜಮಾನರು ಕೂಗಿದಾಗಲೇ ನನಗೆ ಗೊತ್ತಾದದ್ದು.

ಬೆಳಕಿರುವಾಗಲೇ ಕ್ವಾರಿಗೆ ಓಡಿದೆವು. ಅದೂ ಒದೆಯಿತು, ಒದೆಯದೆ ಬಿಟ್ಟೀತೇ? ಆದರೆ ಬಾಗಿಲು ತಳ್ಳಿದಂತೆ ಒದೆಯಿತೇ ಹೊರತು ಕಪಾಳಕ್ಕೆ ಹೊಡೆದಂತಲ್ಲ. ಕುಂಬಳಕಾಯಿ ಒಡೆಯಿತು. ಇನ್ನೊಂದು ಒಡೆಯಿತು. ಕಣ್ಣು ಮುಚ್ಚದೆ ಇನ್ನೂ ಒಂದು ಒಡೆದೆ. ಆಗ ನನಗೆ ಹೊಳೆಯಿತು. ನಮ್ಮೂರಿನವರು ರಿವಾಲ್ವರನ್ನು ಗುಡ್ಡಕ್ಕೆಂದು ಕೊಳ್ಳುವುದೇ ಇಲ್ಲ, ಹಾಸುಗಲ್ಲಿಗೆಂದು ಕೊಳ್ಳುತ್ತಾರೆ. ನಾನೂ ಒಂದು ಸಲ ಮಾಸ್ತರ ಆಸೆಯನ್ನು, ಇನ್ನೊಂದು ಸಲ ಗಂಡನ ಆಸೆಯನ್ನು ಹೊತ್ತುಕೊಂಡು ಹೋಗಿ ಕರಡಿಯ ಮುಂದೆ ಚಾಚಿದ್ದೆ.

ಮರುದಿನ ಬೆಳಿಗ್ಗೆ ಖಾರದ ಪುಡಿ, ಅಂಟಿನುಂಡೆ, ಹಳೆಯ ಮೆತ್ತನೆಯ ಸೀರೆಗಳ ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ಹೋದೆ. ಇಳಕಲ್ ಸೀರೆ ಇರಲಿಲ್ಲ, ಫೋಟೊದವನಿಗೆ ಹೇಳಿರಲಿಲ್ಲ. ಕರಡಿ ಬಂದಾಗ ಒಂದೇ ಕೈಯಲ್ಲಿ ರಿವಾಲ್ವರ್ ಬಿಚ್ಚಿ, ಗಿರಾಕಿಗೆ ತಾಟು ಕೊಡುವ ಹಾಗೆ ಕೊಟ್ಟೆ. "ಲಗೂನ ನೋಡಪಾ. ಮಗಳು ಬ್ಯಾನಿ ತಿನ್ನಾಕತ್ತಾಳ," ಎಂದೆ. ಅದು ಮೂಸಿತು. ಹಿಡಿಕೆಗೆ ಅಂಟಿದ್ದ ಜೋಳದ ಹಿಟ್ಟು ಮೂಗಿಗೆ ಹೋಗಿ ದೊಡ್ಡದಾಗಿ ಸೀನಿತು. ನನ್ನ ಕೈ ನೋಡಿತು, ಕೈ ನೆಟ್ಟಗೆ ಚಾಚಿಕೊಂಡು ಕಾಯುತ್ತಿತ್ತು. ಅದರ ಮೇಲೆ ರಿವಾಲ್ವರ್ ಇಟ್ಟು ಪಕ್ಕಕ್ಕೆ ಸರಿಯಿತು. ಹಿಂದಿನಿಂದ ಯಜಮಾನರು ಶಿಳ್ಳೆ ಹಾಕಿದ್ದು ಕೇಳಿಸಿತು. ಈ ವಯಸ್ಸಿನಲ್ಲಿ ಶಿಳ್ಳೆ! ತಿರುಗಿ ನೋಡಿದರೆ ಅಳು ಬರುತ್ತಿತ್ತು, ನೋಡಲಿಲ್ಲ.

ಗುಡ್ಡ ಹತ್ತುವಾಗ ಹೇಳಿದಂತೆಯೇ ಆಯಿತು. ಕರಡಿಗಳು ನನ್ನನ್ನು ಕಂಡು ಬೀಗರು ಬಂದರೇನೋ ಎಂಬಂತೆ ಸರಿದು ನಿಂತವು. ನನಗೂ ಸ್ವಲ್ಪ ಜಂಬ ಬಂತು. ನೆತ್ತಿಯ ಹತ್ತಿರ ದಾರಿ ಇಕ್ಕಟ್ಟಾಗುತ್ತದೆ, ಒಂದು ಕಡೆ ಬಂಡೆ, ಒಂದು ಕಡೆ ಪ್ರಪಾತ. ಅಲ್ಲಿ ತಿರುವಿನಲ್ಲಿ ಒಂದು ಹೆಣ್ಣು ಕರಡಿ ಎದುರಾಯಿತು, ಬೆನ್ನ ಮೇಲೆ ಕೂದಲು ಹಿಡಿದು ಕೂತ ಎರಡು ಮರಿಗಳು. ಸರಿಯಲು ಅದಕ್ಕೆ ಜಾಗ ಇರಲಿಲ್ಲ. ಮರಿ ಹೊತ್ತು ಹಿಂದೆ ಹೆಜ್ಜೆ ಇಡಲೂ ಅದಕ್ಕೆ ಆಗುತ್ತಿರಲಿಲ್ಲ. ಹಲ್ಲು ಕಿಸಿದು ಗುರ್ರೆಂದಿತು.

ನನ್ನ ಕೈ ನನ್ನನ್ನು ಕೇಳದೆ ಎದೆಗೆ ಹೋಯಿತು. ರಿವಾಲ್ವರ್ ಎಲ್ಲೂ ಸಿಕ್ಕಿಕೊಳ್ಳದೆ ಹೊರಗೆ ಬಂತು, ಕಣ್ಣಿನ ಎತ್ತರದಲ್ಲಿ ನಿಂತಿತು, ನಡುಗಲಿಲ್ಲ. ಅಷ್ಟು ಹತ್ತಿರದಲ್ಲಿ ಗುರಿ ತಪ್ಪುವಂತಿರಲಿಲ್ಲ. ಕರಡಿಗೂ ಅದು ಗೊತ್ತಾಯಿತು. ಆ ದೊಡ್ಡ ರಿವಾಲ್ವರ್ ಇದ್ದಿದ್ದರೆ ಎತ್ತುವುದರೊಳಗೆ ನನ್ನ ಕಥೆ ಮುಗಿಯುತ್ತಿತ್ತು, ಗಿಡ್ಡದ್ದು ಇದ್ದಿದ್ದರೆ ಹೆದರಿ ಹಾರಿಸಿಬಿಡುತ್ತಿದ್ದೆ. ಹೊಡೆಯಬಲ್ಲೆ ಎಂದು ಕೈಗೆ ಗೊತ್ತಿದ್ದರಿಂದಲೇ ಕಾಯಲು ಪುರುಸೊತ್ತು ಸಿಕ್ಕಿತು. ಒಂದು ಮರಿ ತಾಯಿಯ ಕಿವಿ ಕಚ್ಚಿ ಹಿಡಿದು ನನ್ನನ್ನೇ ನೋಡುತ್ತಿತ್ತು.

"ನಿಂದ್ರವಾ, ನನಗೂ ಅವಸರ ಐತಿ, ಆದ್ರ ನಿನಗ ಮರಿ ಅದಾವು," ಎಂದೆ. ರಿವಾಲ್ವರ್ ಇಳಿಸದೆ, ಒಂದೊಂದೇ ಹೆಜ್ಜೆ ಹಿಂದೆ ಇಡುತ್ತ ಹೋದೆ. ಬಂಡೆಯಲ್ಲಿ ಒಂದು ಪೊಟರೆಯಿರುವಲ್ಲಿಗೆ ಬಂದು, ಒಳಗೆ ಒತ್ತಿ ನಿಂತು ದಾರಿ ಬಿಟ್ಟೆ. ನಮ್ಮೂರಿನ ಚರಿತ್ರೆಯಲ್ಲಿ ಮನುಷ್ಯರು ಕರಡಿಗೆ ದಾರಿ ಬಿಟ್ಟದ್ದು ಅದೇ ಮೊದಲಿರಬೇಕು. ಅದು ನನ್ನ ಸೀರೆಗೆ ಮೈ ಉಜ್ಜಿಕೊಂಡೇ ದಾಟಿತು, ತಿರುಗಿ ನೋಡಲಿಲ್ಲ. ಮರಿ ಮಾತ್ರ ತಿರುವು ಮರೆಯಾಗುವವರೆಗೆ ನೋಡಿತು. ರಿವಾಲ್ವರನ್ನು ಪಟ್ಟಿಗೆ ಸೇರಿಸಿದೆ. ಇಳಿಜಾರನ್ನು ಓಡಿಯೇ ಇಳಿದೆ.

ಬೀಗರ ಅಂಗಳ ಮುಟ್ಟುವಾಗ ಒಳಗಿನಿಂದ ದಾನಿಯ ಕೂಗು ಕೇಳಿಸಿತು. ಗಂಟು ಜಗುಲಿಯ ಮೇಲೆ ಎಸೆದು ಒಳಗೆ ನುಗ್ಗಿದೆ. ಬಸಲಿಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳ ಬೆನ್ನು ಹಿಡಿದಿದ್ದಳು, ನರ್ಸಮ್ಮ ಕಾಲ ಕಡೆಗಿದ್ದಳು. ದಾನಿಯ ಕಣ್ಣು ಬಾಗಿಲ ಮೇಲೆ ಇತ್ತು. ನನ್ನನ್ನು ಕಂಡದ್ದೇ ಮುಖ ಸಣ್ಣ ಹುಡುಗಿಯ ಹಾಗೆ ಸೊಟ್ಟಗಾಯಿತು.

"ಎಷ್ಟೊತ್ತವಾ ಬರೂದು!" ಎಂದು ಬೈದಳು. ಎಂಥಾ ಚಂದದ ಬೈಗುಳ.

"ದಾರ್ಯಾಗ ಒಬ್ಬಾಕಿ ಬಾಳಂತಿ ಸಿಕ್ಕಿದ್ಲು," ಎಂದು ಅವಳ ತಲೆಯ ಕಡೆ ಕೂತೆ.

ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೆಣ್ಣು ಕೂಸು, ತಲೆ ತುಂಬ ಕರಡಿಮರಿಯಷ್ಟು ಕೂದಲು. ಬಸಲಿಂಗವ್ವ ತಾನೇ ಒರೆಸಿ, ನಾನು ತಂದ ಹಳೆಯ ಸೀರೆಯಲ್ಲಿ ಸುತ್ತಿ, "ಮೊದಲ ನಿಮ್ಮ ಕೈಯಾಗ," ಎಂದು ನನಗೆ ಕೊಟ್ಟಳು. ಅವಳ ಮೇಲಿದ್ದ ನನ್ನ ಹಟವೆಲ್ಲ ಅಲ್ಲೇ ಕರಗಿ ನೀರಾಯಿತು. ಕೂಸನ್ನು ಎದೆಗೆ ಅವುಚಿಕೊಂಡೆ. ಅದು ಹೋ ಎಂದು ಚೀರತೊಡಗಿತು. ತೂಗಿದೆ, ಲಾಲಿ ಹೇಳಿದೆ, ಚೀರಾಟ ಹೆಚ್ಚಿತು. ನನ್ನ ಮುಖ ಇಳಿದುಹೋಯಿತು. ಮೊಮ್ಮಗಳಿಗೆ ನಾನು ಬೇಡವಾದೆನೇ?

ಹಾಸಿಗೆಯ ಮೇಲಿಂದ ದಾನಿ ಸುಸ್ತಾದ ದನಿಯಲ್ಲಿ ನಗುತ್ತ ಹೇಳಿದಳು, "ಅವ್ವಾ, ಕೂಸಿನ ತಲಿಗೆ ಕಬ್ಬಿಣ ಒತ್ತಾಕತ್ತೈತಿ. ಅದನ್ನ ತಗದ ಇಡು ಮೊದಲ."

ಬಸಲಿಂಗವ್ವ ಪಟ್ಟಿ ಬಿಚ್ಚಿದಳು, ರಿವಾಲ್ವರ್ ಮೂಲೆಗೆ ಹೋಯಿತು. ಅದು ಇಡೀ ದಿನ ಇದ್ದ ಬೆಚ್ಚನೆಯ ಜಾಗದಲ್ಲಿ ಕೂಸಿನ ತಲೆ ಬಂದು ಕೂತಿತು. ಆಮೇಲೆ ಅದು ಅಳಲಿಲ್ಲ. ಅತ್ತದ್ದು ನಾನು.